ಶಿಕ್ಷಕಿಯಾಗಲು ಯಾವ ದೇಶದಲ್ಲಿ ಓದಬೇಕು?

ಪ್ರಶ್ನೆ: ನನಗೆ 27 ವರ್ಷ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮೂರು ವರ್ಷಗಳಿಂದ ತೀರ್ಥಹಳ್ಳಿ ಸಮೀಪದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸುತ್ತಿದ್ದೇನೆ. ಬಿ.ಇಡಿ. ಆಗಿಲ್ಲ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಶಿಕ್ಷಕ ತರಬೇತಿಯನ್ನು ವಿದೇಶದಲ್ಲೇ ಪಡೆಯಬೇಕೆಂಬ ಆಸೆ ಇದೆ. ಕನ್ಸಲ್ಟೆನ್ಸಿಯವರು ಆಸ್ಟ್ರೇಲಿಯಾ ಎನ್ನುತ್ತಾರೆ, ಸೋದರಮಾವ ಕೆನಡಾ ಎನ್ನುತ್ತಾರೆ, ಸಹೋದ್ಯೋಗಿಯೊಬ್ಬರು ಶಿಕ್ಷಣವೆಂದರೆ ಫಿನ್ಲೆಂಡ್ ಎನ್ನುತ್ತಾರೆ. ತಂದೆ ಒಂದು ಎಕರೆ ಅಡಿಕೆ ತೋಟವನ್ನು ಅಡವಿಡಲು, ಬೇಕಾದರೆ ಮಾರಲೂ ಸಿದ್ಧರಿದ್ದಾರೆ. ನಾನು ಒಬ್ಬಳೇ ಮಗಳಾದ್ದರಿಂದ ಕೆಲವು ವರ್ಷಗಳ ನಂತರ ಊರಿಗೆ ಮರಳಬೇಕಾಗಬಹುದು. ಯಾವ ದೇಶವನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೇಶಗಳ ಹೆಸರಿದೆ. ಆದರೆ ನೀವು ಮುಂದೆ ಯಾವ ಮಕ್ಕಳಿಗೆ, ಯಾವ ಶಾಲೆಯಲ್ಲಿ ಕಲಿಸಬೇಕೆಂದುಕೊಂಡಿದ್ದೀರಿ ಎಂಬುದು ಎಲ್ಲಿಯೂ ಇಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಊರಿಗೆ ಮರಳಬೇಕಾಗಬಹುದು ಎಂದು ಬರೆದಿದ್ದೀರಿ, ಮತ್ತು ನನ್ನ ಉತ್ತರವೆಲ್ಲ ಆ ಸಾಲನ್ನೇ ಅವಲಂಬಿಸಿದೆ. ಎಂಜಿನಿಯರಿಂಗ್ ಅಥವಾ ಮ್ಯಾನೇಜ್‌ಮೆಂಟ್ ಓದಲು ಹೊರಟವರಿಗೆ ಒಳ್ಳೆಯ ವಿಶ್ವವಿದ್ಯಾಲಯದ ಪದವಿಯೊಂದಿದ್ದರೆ ಬಹುತೇಕ ಎಲ್ಲ ಕಡೆಯೂ ನಡೆಯುತ್ತದೆ. ಶಿಕ್ಷಕ ವೃತ್ತಿ ಹಾಗಲ್ಲ. ಅದು ವಕೀಲಿಕೆಯಂತೆ ಪರವಾನಗಿಯ ವೃತ್ತಿ. ಒಂದು ದೇಶ ಅಥವಾ ಒಂದು ರಾಜ್ಯದ ಸಂಸ್ಥೆ ತನ್ನ ಶಾಲೆಗಳಲ್ಲಿ ಕಲಿಸಲು ಕೊಡುವ ಆ ಪರವಾನಗಿಗೆ ಗಡಿಯಾಚೆ ತಾನಾಗಿಯೇ ಬೆಲೆ ಬರುವುದಿಲ್ಲ. ಆದ್ದರಿಂದ ಓದುವ ದೇಶವನ್ನು ಕಲಿಸುವ ದೇಶದಿಂದ ಹಿಂದಕ್ಕೆ ಲೆಕ್ಕಹಾಕಿ ಆರಿಸಬೇಕಾಗುತ್ತದೆ.

ಇದರ ಜೊತೆಗೆ ಇನ್ನೊಂದು ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ, ಏಕೆಂದರೆ ಬಹಳಷ್ಟು ಜನ ಎಡವುವುದು ಇಲ್ಲಿಯೇ. ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಎರಡು ಬಗೆಯ ಕೋರ್ಸುಗಳಿರುತ್ತವೆ. ಒಂದು ಬಗೆಯದು ಶಿಕ್ಷಕರನ್ನು ತಯಾರು ಮಾಡುವ ಕೋರ್ಸು. ಅದರಲ್ಲಿ ಶಾಲೆಗೆ ಹೋಗಿ ಮೇಲ್ವಿಚಾರಣೆಯಲ್ಲಿ ಪಾಠ ಮಾಡುವುದು ಕಡ್ಡಾಯ, ಮತ್ತು ಕೋರ್ಸು ಮುಗಿದ ಮೇಲೆ ನೋಂದಣಿಗೆ ಅರ್ಜಿ ಹಾಕಬಹುದು. ಇನ್ನೊಂದು ಬಗೆಯದು ಶಿಕ್ಷಣವನ್ನು ಒಂದು ವಿಷಯವಾಗಿ ಅಧ್ಯಯನ ಮಾಡುವ ಕೋರ್ಸು: ಎಂ.ಎ. ಎಜುಕೇಶನ್, ಮಾಸ್ಟರ್ ಆಫ್ ಎಜುಕೇಶನ್, ಎಜುಕೇಶನಲ್ ಲೀಡರ್‌ಶಿಪ್ ಇತ್ಯಾದಿ. ಇವು ಕೆಟ್ಟ ಕೋರ್ಸುಗಳಲ್ಲ. ಈಗಾಗಲೇ ಪರವಾನಗಿ ಇರುವ ಶಿಕ್ಷಕರಿಗೆ, ಪಠ್ಯಕ್ರಮ ಅಥವಾ ಸಂಶೋಧನೆಯ ಕಡೆ ಹೊರಳುವವರಿಗೆ ಬಹಳ ಉಪಯುಕ್ತ. ಆದರೆ ಇವನ್ನು ಓದಿದವರು ಶಿಕ್ಷಕರಾಗುವುದಿಲ್ಲ. ಎರಡನೆಯ ಬಗೆಯವಕ್ಕೆ ಪ್ರವೇಶ ಸುಲಭ, ಶಾಲೆಗಳಲ್ಲಿ ಜಾಗ ಹುಡುಕಿಕೊಡುವ ತೊಂದರೆ ವಿಶ್ವವಿದ್ಯಾಲಯಕ್ಕಿಲ್ಲ, ಆದ್ದರಿಂದ ಏಜೆಂಟರು ತೋರಿಸುವುದು ಸಾಮಾನ್ಯವಾಗಿ ಇವನ್ನೇ.

ದಾವಣಗೆರೆ ಕಡೆಯ ಯುವಕರೊಬ್ಬರು ಒಮ್ಮೆ ತಮ್ಮ ಪ್ರವೇಶ ಪತ್ರವನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ನನ್ನ ಬಳಿ ಬಂದಿದ್ದರು. ಶುಲ್ಕದ ಮೊದಲ ಕಂತು ಆಗಲೇ ಕಟ್ಟಿಯಾಗಿತ್ತು. ಪತ್ರದ ಜೊತೆ ಅವರೇ ಮುದ್ರಿಸಿ ತಂದಿದ್ದ ಕೋರ್ಸಿನ ವಿವರದ ನಾಲ್ಕು ಹಾಳೆಗಳಲ್ಲಿ ಮೊದಲ ಮೂರಕ್ಕೆ ಹಳದಿ ಮಾರ್ಕರ್ ಎಳೆದಿತ್ತು. ನಾಲ್ಕನೆಯ ಹಾಳೆಯ ಕೆಳಗೆ, ಕ್ರೀಡಾ ಸೌಲಭ್ಯಗಳ ಪ್ಯಾರಾ ಮುಗಿದ ನಂತರ, ಈ ಕೋರ್ಸು ಶಿಕ್ಷಕ ನೋಂದಣಿಗೆ ಅರ್ಹತೆ ನೀಡುವುದಿಲ್ಲ ಎಂಬ ಒಂದೇ ಒಂದು ವಾಕ್ಯವಿತ್ತು. ಅದಕ್ಕೆ ಮಾರ್ಕರ್ ತಾಗಿರಲಿಲ್ಲ. ಅವರು ಅದನ್ನು ಎರಡು ಸಲ ಓದಿ, ಏಜೆಂಟರಿಗೆ ಅಲ್ಲಿಂದಲೇ ಫೋನು ಮಾಡಿದರು. ಹೋದ ಮೇಲೆ ಎಲ್ಲ ಸರಿಹೋಗುತ್ತದೆ ಸರ್ ಎಂಬ ಉತ್ತರ ನನಗೂ ಕೇಳಿಸಿತು. ನೀವು ಯಾವ ಕೋರ್ಸನ್ನೇ ನೋಡಿ, ಈ ವಾಕ್ಯವನ್ನು ಮೊದಲು ಹುಡುಕಿ. ಸಿಗದಿದ್ದರೆ, ಆ ದೇಶದ ನೋಂದಣಿ ಸಂಸ್ಥೆ ತನ್ನ ಜಾಲತಾಣದಲ್ಲಿ ಪ್ರಕಟಿಸುವ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿಯಲ್ಲಿ ಈ ಹೆಸರಿದೆಯೇ ಎಂದು ಅಕ್ಷರಶಃ ಹೋಲಿಸಿ.

ಈಗ ಊರಿನಿಂದಲೇ ಆರಂಭಿಸೋಣ. ನೀವು ಮರಳಿ ಬಂದು ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆಯಲ್ಲಿ ಸಹಶಿಕ್ಷಕಿಯಾಗಬೇಕೆಂದರೆ, ನೇಮಕಾತಿ ಅಧಿಸೂಚನೆ ಕೇಳುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಮಾನ್ಯ ಮಾಡಿದ ಬಿ.ಇಡಿ.ಯನ್ನು. ಆರರಿಂದ ಎಂಟನೆಯ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅದರ ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಕೂಡ ಬೇಕು. ಒಂದರಿಂದ ಐದರವರೆಗಿನ ತರಗತಿಗಳಿಗೆ ಬಿ.ಇಡಿ. ಸಲ್ಲದೆಂದು ಸುಪ್ರೀಂ ಕೋರ್ಟು 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿರುವುದನ್ನೂ ನೀವು ಕೇಳಿರಬಹುದು. 2014ರ ಎನ್‌ಸಿಟಿಇ ನಿಯಮಾವಳಿಯ ನಂತರ ಇಲ್ಲಿನ ಬಿ.ಇಡಿ. ಎರಡು ವರ್ಷದ್ದು. ಇಂಗ್ಲೆಂಡಿನ ಪಿಜಿಸಿಇ ಎಂಬ ಶಿಕ್ಷಕ ತರಬೇತಿ ಒಂದೇ ವರ್ಷದ್ದು. ಅದನ್ನು ಹಿಡಿದುಕೊಂಡು ಬಂದು ಇಲ್ಲಿನ ಬಿ.ಇಡಿ.ಗೆ ಸಮಾನವೆಂದು ಒಪ್ಪಿಸುವ ಕೆಲಸದಲ್ಲಿ, ಅಧಿಸೂಚನೆಯ ಕೊನೆಯ ದಿನಾಂಕ ಹತ್ತಿರವಿರುವಾಗ, ಯಾರೂ ಸಿಕ್ಕಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ವಿದೇಶಿ ಪದವಿಗಳಿಗೆ ಸಮಾನತೆ ನೀಡುವ ಕುರಿತು ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ತಂದಿದೆ ನಿಜ, ಆದರೆ ಶಾಸನಬದ್ಧ ಪರಿಷತ್ತುಗಳ ಅಧೀನದಲ್ಲಿರುವ ವೃತ್ತಿಪರ ಪದವಿಗಳನ್ನು ಅದು ಹೊರಗಿಟ್ಟಿದೆ. ಬೆಂಗಳೂರಿನ ಐಬಿ ಅಥವಾ ಕೇಂಬ್ರಿಜ್ ಪಠ್ಯಕ್ರಮದ ಖಾಸಗಿ ಶಾಲೆಗಳು ಮಾತ್ರ ಪಿಜಿಸಿಇ ಇರುವವರನ್ನು ಸಂತೋಷದಿಂದ ತೆಗೆದುಕೊಳ್ಳುತ್ತವೆ. ಆದರೆ ಬೆಂಗಳೂರು ತೀರ್ಥಹಳ್ಳಿಯಲ್ಲ. ತಂದೆತಾಯಿಯ ಹತ್ತಿರ ಇರಬೇಕೆಂಬುದೇ ಮರಳುವ ಕಾರಣವಾದರೆ ಆ ಶಾಲೆಗಳಿಂದ ನಿಮಗೆ ಪ್ರಯೋಜನವಿಲ್ಲ.

ಇನ್ನು ದೇಶಗಳ ವಿಚಾರ. ಫಿನ್ಲೆಂಡಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಹಲವು ದೇಶಗಳ ಶಾಲಾ ಮಕ್ಕಳಿಗೆ ನಡೆಸುವ ಪೀಸಾ ಎಂಬ ಪರೀಕ್ಷೆಯ 2000ನೇ ಇಸವಿಯ ಫಲಿತಾಂಶ ಬಂದಂದಿನಿಂದ ಆ ದೇಶದ ಶಾಲೆಗಳಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ಬಂದಿದೆ, ಮತ್ತು ಅದು ಬಹುಮಟ್ಟಿಗೆ ಯೋಗ್ಯವಾದ ಹೆಸರೇ. ಅಲ್ಲಿ 1970ರ ದಶಕದಲ್ಲಿಯೇ ಶಿಕ್ಷಕ ತರಬೇತಿಯನ್ನು ವಿಶ್ವವಿದ್ಯಾಲಯಗಳಿಗೆ ಒಯ್ದು, ಶಾಲಾ ಶಿಕ್ಷಕರಿಗೆ ಸ್ನಾತಕೋತ್ತರ ಪದವಿಯನ್ನು ಕಡ್ಡಾಯ ಮಾಡಿದರು. ಆದರೆ ಅಲ್ಲಿನ ಶಾಲೆಗಳಲ್ಲಿ ಪಾಠ ನಡೆಯುವುದು ಫಿನ್ನಿಶ್ ಭಾಷೆಯಲ್ಲಿ, ಕೆಲವೆಡೆ ಸ್ವೀಡಿಶ್ ಭಾಷೆಯಲ್ಲಿ. ನಮ್ಮವರು ಅರ್ಜಿ ಹಾಕುವ ಇಂಗ್ಲಿಷ್ ಮಾಧ್ಯಮದ ಶಿಕ್ಷಣ ಸ್ನಾತಕೋತ್ತರ ಕೋರ್ಸುಗಳಲ್ಲಿ ಹೆಚ್ಚಿನವು ನಾನು ಮೇಲೆ ಹೇಳಿದ ಎರಡನೆಯ ಬಗೆಯವು. 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಶುಲ್ಕವೂ ಇದೆ. ಶಾಲೆಗಳನ್ನು ನೋಡಿ ಕಲಿಯಲು ಫಿನ್ಲೆಂಡ್ ಒಳ್ಳೆಯ ಜಾಗ. ಶಿಕ್ಷಕಿಯಾಗಿ ಅನ್ನ ಸಂಪಾದಿಸಲು ಅಲ್ಲಿಗೆ ಹೋಗುವವರು ಮೊದಲು ಫಿನ್ನಿಶ್ ಕಲಿಯಬೇಕು.

ಜರ್ಮನಿಯದೂ ಹೆಚ್ಚುಕಡಿಮೆ ಇದೇ ಕಥೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ಸತ್ಯ. ಆದರೆ ಅಲ್ಲಿ ಶಿಕ್ಷಕರಾಗಲು ಎರಡು ವಿಷಯಗಳನ್ನು ವಿಶ್ವವಿದ್ಯಾಲಯ ಮಟ್ಟದಲ್ಲಿ ಓದಿರಬೇಕು, ನಂತರ ರೆಫರೆಂಡರಿಯಾಟ್ ಎಂಬ ಒಂದರಿಂದ ಎರಡು ವರ್ಷಗಳ ಶಾಲಾ ತರಬೇತಿ ಮುಗಿಸಬೇಕು, ಇದೆಲ್ಲವೂ ಅಚ್ಚ ಜರ್ಮನ್ ಭಾಷೆಯಲ್ಲಿ. ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಗೆ ಐರಿಶ್ ಭಾಷೆ ಬರಬೇಕು. ಪ್ರೌಢಶಾಲೆಗೆ ಆ ನಿರ್ಬಂಧವಿಲ್ಲದಿದ್ದರೂ ಅಲ್ಲಿನ ತರಬೇತಿ ಎರಡು ವರ್ಷದ್ದು. ಅಮೆರಿಕದಲ್ಲಿ ಪರವಾನಗಿಯನ್ನು ಒಂದೊಂದು ರಾಜ್ಯವೂ ಪ್ರತ್ಯೇಕವಾಗಿ ಕೊಡುತ್ತದೆ. ಓದು ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವ ಕೆಲಸದ ಅವಧಿ 12 ತಿಂಗಳು. ಅದರ ನಂತರ ಬೇಕಾಗುವ ಎಚ್-1ಬಿ ವೀಸಾದ ದಾರಿ, ದೇಶದ ಹೊರಗಿನಿಂದ ಬರುವ ಹೊಸ ಅರ್ಜಿಗಳಿಗೆ 1,00,000 ಡಾಲರ್ ಪಾವತಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ವಿಧಿಸಿದ ಮೇಲೆ, ಊರಿಗೆ ಮರಳಿದ ನಂತರ ಅರ್ಜಿ ಹಾಕುವ ಶಿಕ್ಷಕಿಗೆ ಇನ್ನಷ್ಟು ಕಷ್ಟವಾಯಿತು.

ಕೆನಡಾದ ಬಗ್ಗೆ ನಿಮ್ಮ ಸೋದರಮಾವನವರು ಹೇಳಿದ್ದು ಪೂರ್ತಿ ತಪ್ಪಲ್ಲ. 2025ರ ಫೆಬ್ರವರಿಯಲ್ಲಿ ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಗೆ ಶಿಕ್ಷಣ ವಿಭಾಗವನ್ನು ಸೇರಿಸಿ ಶಾಲಾ ಶಿಕ್ಷಕರಿಗೆ ಆದ್ಯತೆ ನೀಡಿದ್ದಾರೆ. ಆದರೆ ಶಿಕ್ಷಕರ ನೋಂದಣಿ ಪ್ರಾಂತ್ಯಗಳ ಕೈಯಲ್ಲಿದೆ. ಒಂಟಾರಿಯೊದ ನೋಂದಣಿಗೆ, ಉದಾಹರಣೆಗೆ, 2025ರಿಂದ ಗಣಿತ ಪ್ರಾವೀಣ್ಯ ಪರೀಕ್ಷೆಯೂ ಮತ್ತೆ ಕಡ್ಡಾಯವಾಗಿದೆ. ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದ ನಿಮಗೆ ಅದು ಲೆಕ್ಕಕ್ಕಿಲ್ಲ. ನಿಜವಾದ ಅಡ್ಡಿ ಬೇರೆಯೇ ಇದೆ: 2024ರಿಂದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹೇರಲಾಗಿದೆ, ಅದೇ ವರ್ಷದ ನವೆಂಬರ್‌ನಲ್ಲಿ ಭಾರತೀಯರು ಹೆಚ್ಚಾಗಿ ಬಳಸುತ್ತಿದ್ದ ತ್ವರಿತ ವೀಸಾ ಯೋಜನೆಯನ್ನು ನಿಲ್ಲಿಸಲಾಗಿದೆ, ಮತ್ತು ಶಾಲಾ ಅಭ್ಯಾಸಕ್ಕೆ ಜಾಗ ಕಡಿಮೆ ಇರುವುದರಿಂದ ಬಿ.ಇಡಿ. ಸೀಟುಗಳು ಹೊರಗಿನವರಿಗೆ ಸುಲಭಕ್ಕೆ ದಕ್ಕುವುದಿಲ್ಲ. ಹೀಗೆ ನೋಡಿದರೆ ಕೆನಡಾ ಓದಲು ಹೋಗುವವರಿಗಿಂತ, ಈಗಾಗಲೇ ಶಿಕ್ಷಕರಾಗಿರುವವರಿಗೆ ಹೆಚ್ಚು ತೆರೆದಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ವಿಷಯದಲ್ಲಿ ಗಂಭೀರವಾಗಿ ತೂಗಿ ನೋಡಬೇಕಾದ ದೇಶಗಳು ಎರಡೇ, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್.

ಆಸ್ಟ್ರೇಲಿಯಾದಲ್ಲಿ ಪದವಿ ಆದವರು ಮಾಡಬೇಕಾದ್ದು ಮಾಸ್ಟರ್ ಆಫ್ ಟೀಚಿಂಗ್ ಎಂಬ ಎರಡು ವರ್ಷದ ಕೋರ್ಸು. ಮಾಸ್ಟರ್ ಆಫ್ ಎಜುಕೇಶನ್ ಅಲ್ಲ. ಈ ಒಂದು ಪದದ ವ್ಯತ್ಯಾಸಕ್ಕೆ ಕೆಲವರು ಲಕ್ಷಗಟ್ಟಲೆ ಹಣ ಕಳೆದುಕೊಂಡಿದ್ದಾರೆ. ಈ ಕೋರ್ಸಿನಲ್ಲಿ ಕನಿಷ್ಠ 60 ದಿನಗಳ ಮೇಲ್ವಿಚಾರಿತ ಶಾಲಾ ಅಭ್ಯಾಸವಿರುತ್ತದೆ, ಮತ್ತು ಕೋರ್ಸು ಮುಗಿಸುವ ಮೊದಲು ಲ್ಯಾಂಟೈಟ್ ಎಂಬ ಭಾಷೆ ಮತ್ತು ಲೆಕ್ಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಭಾರತೀಯರಿಗೆ ಅನುಕೂಲವಾದ ಅಂಶವೊಂದಿದೆ: ಎರಡು ದೇಶಗಳ ನಡುವಿನ ವ್ಯಾಪಾರ ಒಪ್ಪಂದದಿಂದಾಗಿ ಸ್ನಾತಕೋತ್ತರ ಪದವಿ ಪಡೆದವರು ಓದಿನ ನಂತರ ಮೂರು ವರ್ಷ ಕೆಲಸದ ವೀಸಾದಲ್ಲಿ ಉಳಿಯಬಹುದು. 2024ರ ಜುಲೈಯಿಂದ ಅದಕ್ಕೆ 35 ವರ್ಷದ ವಯೋಮಿತಿ ಇದೆ, ನಿಮಗೆ ಇನ್ನೂ ಕಾಲವಿದೆ.

ಅನನುಕೂಲಗಳು ಎರಡು, ಎರಡೂ ದೊಡ್ಡವು. ಮೊದಲನೆಯದು ಇಂಗ್ಲಿಷ್. ಆಸ್ಟ್ರೇಲಿಯಾದ ಶಿಕ್ಷಕರ ಅರ್ಹತೆಯನ್ನು ಅಳೆಯುವ ಸಂಸ್ಥೆ ಐಟ್ಸೆಲ್. ಅದು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಓದು ಮತ್ತು ಬರಹಕ್ಕೆ 7, ಆಲಿಸುವಿಕೆ ಮತ್ತು ಮಾತಿಗೆ 8 ಅಂಕ ಕೇಳುತ್ತದೆ. ಮಾತಿನಲ್ಲಿ 8 ಎಂದರೆ ಇಂಗ್ಲಿಷ್ ಮಾಧ್ಯಮದಲ್ಲಿ ಹುಟ್ಟಿ ಬೆಳೆದವರಿಗೂ ಬೆವರಿಳಿಸುವ ಅಂಕ. ಕನ್ನಡ ಮಾಧ್ಯಮದಿಂದ ಬಂದವರು ಅದನ್ನು ಮುಟ್ಟಿದ್ದಾರೆ, ಆದರೆ ಎರಡು ತಿಂಗಳ ಕೋಚಿಂಗ್‌ನಲ್ಲಿ ಮುಟ್ಟಿದವರನ್ನು ನಾನು ಕಂಡಿಲ್ಲ. ಎರಡನೆಯದು ಹಣ. ವಿದೇಶಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಸುಮಾರು 35,000ದಿಂದ 45,000 ಆಸ್ಟ್ರೇಲಿಯನ್ ಡಾಲರ್ ಶುಲ್ಕ, ಅದರ ಮೇಲೆ ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವೆಂದು ತೋರಿಸಬೇಕಾದ 29,710 ಡಾಲರ್, 2025ರ ಜುಲೈಯಿಂದ 2,000 ಡಾಲರಿಗೆ ಏರಿದ ವೀಸಾ ಶುಲ್ಕ. ಹದಿನೈದು ದಿನಕ್ಕೆ 48 ಗಂಟೆ ದುಡಿಯಬಹುದಲ್ಲ ಎಂದು ಏಜೆಂಟರು ಹೇಳುತ್ತಾರೆ. ಆದರೆ ಶಾಲಾ ಅಭ್ಯಾಸದ ವಾರಗಳಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಶಾಲೆಯಲ್ಲಿರಬೇಕು, ರಾತ್ರಿ ಮರುದಿನದ ಪಾಠ ಯೋಜನೆ ಬರೆಯಬೇಕು, ಅದಕ್ಕೆ ಸಂಬಳವಿಲ್ಲ. ಆ ವಾರಗಳಲ್ಲಿ ಅಂಗಡಿಯ ಕೆಲಸ ತಪ್ಪುತ್ತದೆ, ಬಾಡಿಗೆ ತಪ್ಪುವುದಿಲ್ಲ. ತರಬೇತಿ ಶಿಕ್ಷಕರಿಗೆ ಆ ಅವಧಿಯಲ್ಲಿ ಸರ್ಕಾರ 2025ರ ಜುಲೈಯಿಂದ ಕೊಡಲಾರಂಭಿಸಿದ ಭತ್ಯೆ ಸ್ಥಳೀಯ ವಿದ್ಯಾರ್ಥಿಗಳಿಗಷ್ಟೇ ಇದೆ, ವಿದೇಶಿ ವಿದ್ಯಾರ್ಥಿಗಳಿಗಿಲ್ಲ.

ಇಂಗ್ಲೆಂಡಿನ ವಿಚಾರ ಇನ್ನೂ ಕುತೂಹಲಕರ, ಏಕೆಂದರೆ ನಿಮ್ಮ ವಿಷಯ ಭೌತಶಾಸ್ತ್ರ. ಅಲ್ಲಿ ಭೌತಶಾಸ್ತ್ರದ ಶಿಕ್ಷಕರ ಕೊರತೆ ಹಳೆಯ ಕಾಯಿಲೆ. ಒಂದು ವರ್ಷದ ಪಿಜಿಸಿಇ ತರಬೇತಿಯ ಜೊತೆಗೆ ಕ್ಯೂಟಿಎಸ್ ಎಂಬ ಅರ್ಹ ಶಿಕ್ಷಕ ಸ್ಥಾನಮಾನ ಸಿಗುತ್ತದೆ. ತರಬೇತಿಯ ಬಹುಭಾಗ, ಕನಿಷ್ಠ 120 ದಿನ, ಶಾಲೆಗಳಲ್ಲಿಯೇ ನಡೆಯುತ್ತದೆ, ಅದೂ ಎರಡು ಬೇರೆ ಬೇರೆ ಶಾಲೆಗಳಲ್ಲಿ. 2025–26ನೇ ಸಾಲಿನಲ್ಲಿ ಭೌತಶಾಸ್ತ್ರದ ತರಬೇತಿಗೆ 29,000 ಪೌಂಡ್ ಭತ್ಯೆ ಇತ್ತು. ಭೌತಶಾಸ್ತ್ರ ಮತ್ತು ಭಾಷೆಗಳ ವಿಭಾಗದಲ್ಲಿ ಮಾತ್ರ ಅದನ್ನು ವಿದೇಶಿಯರಿಗೂ ಕೊಡುತ್ತಿದ್ದರು. ವಿದೇಶಿ ವಿದ್ಯಾರ್ಥಿಯ ಶುಲ್ಕ ಅನೇಕ ಕಡೆ ಇದಕ್ಕಿಂತ ಕಡಿಮೆ ಇರುವುದರಿಂದ, ಲೆಕ್ಕ ನೋಡಿದಾಗ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಮೂರು ಮಾತು ಗಮನಿಸಿ. ಈ ಭತ್ಯೆಯ ಮೊತ್ತವನ್ನೂ ಅರ್ಹತೆಯನ್ನೂ ಪ್ರತಿ ವರ್ಷ ಹೊಸದಾಗಿ ಘೋಷಿಸುತ್ತಾರೆ, ಆದ್ದರಿಂದ ನೀವು ಸೇರುವ ವರ್ಷದ ಘೋಷಣೆಯನ್ನು ಇಂಗ್ಲೆಂಡಿನ ಶಿಕ್ಷಣ ಇಲಾಖೆಯ ಪುಟದಲ್ಲಿಯೇ ಓದಬೇಕು. ಭತ್ಯೆ ಬರುವುದು ಕೋರ್ಸು ಶುರುವಾದ ಮೇಲೆ, ಕಂತುಗಳಲ್ಲಿ. ಆದರೆ ವೀಸಾಕ್ಕೆ ತೋರಿಸುವ ಹಣ ಅದಕ್ಕೂ ಮೊದಲೇ 28 ದಿನ ಬ್ಯಾಂಕ್ ಖಾತೆಯಲ್ಲಿ ಇರಬೇಕು, ಆರೋಗ್ಯ ಸೇವೆಯ ವಾರ್ಷಿಕ 776 ಪೌಂಡನ್ನೂ ಮುಂಗಡವಾಗಿ ಕಟ್ಟಬೇಕು. ಮೂರನೆಯದಾಗಿ, ಶಾಲೆಗಳ ಗುಂಪುಗಳು ನಡೆಸುವ ತರಬೇತಿ ಕೇಂದ್ರಗಳಲ್ಲಿ ಕೆಲವಕ್ಕೆ ವಿದ್ಯಾರ್ಥಿ ವೀಸಾ ಪ್ರಾಯೋಜಿಸುವ ಅಧಿಕಾರವಿಲ್ಲ. ಅರ್ಜಿಗೆ ಮೊದಲೇ ಅದನ್ನು ಕೇಳಬೇಕು.

ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕಲು ಎರಡು ವರ್ಷದ ಗ್ರಾಜುಯೇಟ್ ವೀಸಾ ಇದೆ. 2027ರ ಜನವರಿಯಿಂದ ಹಾಕುವ ಅರ್ಜಿಗಳಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಹೊಸ ಶಿಕ್ಷಕರು ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷದ ಪ್ರವೇಶಾವಧಿ ಮುಗಿಸಬೇಕಾದ್ದರಿಂದ, ಆ ವೀಸಾ ಮುಗಿಯುವುದರೊಳಗೆ ಶಾಲೆಯೇ ನಿಮ್ಮನ್ನು ನೌಕರ ವೀಸಾಕ್ಕೆ ಪ್ರಾಯೋಜಿಸಬೇಕಾಗುತ್ತದೆ. ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ವೇತನ 2025–26ರಲ್ಲಿ ವರ್ಷಕ್ಕೆ 32,916 ಪೌಂಡಿನಿಂದ ಆರಂಭವಾಗುತ್ತದೆ. ಬಾಡಿಗೆ, ತೆರಿಗೆ ಕಳೆದು ಸಾಲ ತೀರಿಸಲು ಅದು ಸಾಕು, ತೋಟ ಮರಳಿ ಕೊಳ್ಳಲು ಸಾಲದು. ಕಾಯಂ ನಿವಾಸಕ್ಕೆ ಇದ್ದ ಐದು ವರ್ಷದ ಅವಧಿಯನ್ನು ಹತ್ತಕ್ಕೆ ಏರಿಸುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರದ 2025ರ ಮೇ ತಿಂಗಳ ವಲಸೆ ಶ್ವೇತಪತ್ರ ಮಂಡಿಸಿದೆ.

ಇಲ್ಲಿಯೇ ಇನ್ನೊಂದು ಬಲೆಯನ್ನೂ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ಕುಳಿತು ದೂರಶಿಕ್ಷಣದ ಮೂಲಕ ಮಾಡಬಹುದಾದ ಅಂತರರಾಷ್ಟ್ರೀಯ ಪಿಜಿಸಿಇ, ಅಂದರೆ ಪಿಜಿಸಿಇ-ಐ, ಒಂದಿದೆ. ಖಾಸಗಿ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಅದಕ್ಕೆ ಬೆಲೆ ಇದೆ. ಆದರೆ ಅದರಿಂದ ಕ್ಯೂಟಿಎಸ್ ಬರುವುದಿಲ್ಲ. ಕ್ಯೂಟಿಎಸ್‌ಗೆ ಸಮಾನವೆಂದು ಇಂಗ್ಲೆಂಡ್ ಒಪ್ಪುವುದು ಐಕ್ಯೂಟಿಎಸ್ ಎಂಬ ಬೇರೆ ಅರ್ಹತೆಯನ್ನು. ಒಂದು ಅಕ್ಷರ ಹಿಂದುಮುಂದಾದರೆ ಹಣವೆಲ್ಲ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ನಿಮಗೆ ಸ್ವಲ್ಪ ನಿರಾಸೆ ತರಬಹುದು: ಮೊದಲು ಇಲ್ಲಿಯೇ ಬಿ.ಇಡಿ. ಮಾಡಿ. ಆಸೆಗೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ. ವಿದೇಶಕ್ಕೆ ಹೋಗುವ ದಾರಿಯೇ ಈಗ ಇಲ್ಲಿಂದ ಹತ್ತಿರವಾಗಿದೆ ಎಂಬುದು ಕಾರಣ. 2023ರ ಫೆಬ್ರವರಿಯಿಂದ ಇಂಗ್ಲೆಂಡ್, ಭಾರತ ಸೇರಿದಂತೆ ಹಲವು ದೇಶಗಳಲ್ಲಿ ತರಬೇತಿ ಪಡೆದ ಶಿಕ್ಷಕರು ನೇರವಾಗಿ ಕ್ಯೂಟಿಎಸ್‌ಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಭಾರತದವರ ಮಟ್ಟಿಗೆ ಅದು 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ಅರ್ಹರಾದವರಿಗೆ ಮಾತ್ರ. ನೀವು ಅದೇ ವರ್ಗದವರು. ಪದವಿ, ಶಿಕ್ಷಕ ತರಬೇತಿ, ತರಬೇತಿಯ ನಂತರ ಕನಿಷ್ಠ ಒಂದು ಶಾಲಾ ವರ್ಷದ ಬೋಧನಾನುಭವ, ಇಂಗ್ಲಿಷ್ ಪ್ರಾವೀಣ್ಯ, ಇವಿಷ್ಟು ಇದ್ದರೆ ಮತ್ತೊಮ್ಮೆ ಅಲ್ಲಿ ಪಿಜಿಸಿಇ ಓದಬೇಕಾಗಿಲ್ಲ. ನೀವು ಈಗಾಗಲೇ ಮಾಡಿರುವ ಮೂರು ವರ್ಷದ ಪಾಠ ತರಬೇತಿಗೆ ಮುಂಚಿನದಾದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಆಸ್ಟ್ರೇಲಿಯಾದ ಐಟ್ಸೆಲ್ ಕೂಡ ಒಟ್ಟು ನಾಲ್ಕು ವರ್ಷದ ಉನ್ನತ ಶಿಕ್ಷಣ, ಅದರಲ್ಲಿ ಒಂದು ವರ್ಷದ ಶಿಕ್ಷಕ ತರಬೇತಿ ಮತ್ತು 45 ದಿನಗಳ ಮೇಲ್ವಿಚಾರಿತ ಬೋಧನಾಭ್ಯಾಸ ಇರುವ ವಿದೇಶಿ ಶಿಕ್ಷಕರ ಅರ್ಹತೆಯನ್ನು ಪರಿಶೀಲಿಸುತ್ತದೆ. ನ್ಯೂಜಿಲೆಂಡ್ ತನ್ನಲ್ಲಿ ಕೊರತೆ ಇರುವ ವೃತ್ತಿಗಳ ಪಟ್ಟಿಯಾದ ಗ್ರೀನ್ ಲಿಸ್ಟ್‌ನಲ್ಲಿ ಶಿಕ್ಷಕರನ್ನು ಸೇರಿಸಿಕೊಂಡಿದೆ. ಕೆನಡಾದ ಮಾತನ್ನು ಮೇಲೆಯೇ ಹೇಳಿದೆ. ಗಲ್ಫ್ ದೇಶಗಳ ಸಿಬಿಎಸ್ಇ ಶಾಲೆಗಳಿಗಂತೂ ನಮ್ಮ ಬಿ.ಇಡಿ.ಯೇ ಬೇಕು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಶಿಕ್ಷಕಿಯರು ಅದೇ ಪದವಿಯಿಂದ ಅಲ್ಲಿ ಕಲಿಸುತ್ತಿದ್ದಾರೆ. ಹಾಗೆಯೇ, ನಾಳೆ ನೀವು ಮರಳಿ ಬಂದರೆ ನಮ್ಮ ನೇಮಕಾತಿ ಅಧಿಸೂಚನೆಗೂ ಇದೇ ಪದವಿ ಸಲ್ಲುತ್ತದೆ.

ಆದರೆ ಎಂಥ ಬಿ.ಇಡಿ. ಎಂಬುದು ಮುಖ್ಯ. ಕಾಲೇಜಿಗೆ ಬರದಿದ್ದರೂ ನಡೆಯುತ್ತದೆ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ ಎನ್ನುವ ಕಾಲೇಜುಗಳು ನಮ್ಮಲ್ಲಿ ಇರುವುದು ಎಲ್ಲರಿಗೂ ಗೊತ್ತು. ಊರಿನ ಕೆಲಸಕ್ಕೆ ಆ ಪ್ರಮಾಣಪತ್ರ ಸಾಲಬಹುದು. ವಿದೇಶದ ಸಂಸ್ಥೆಗಳು ಕೇಳುವುದು ಬೇರೆ: ಎಷ್ಟು ದಿನ, ಯಾವ ಶಾಲೆಯಲ್ಲಿ, ಯಾವ ವಯಸ್ಸಿನ ಮಕ್ಕಳಿಗೆ, ಯಾವ ವಿಷಯವನ್ನು, ಯಾರ ಮೇಲ್ವಿಚಾರಣೆಯಲ್ಲಿ ಕಲಿಸಿದಿರಿ ಎಂದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ. ನಮ್ಮ ಎರಡು ವರ್ಷದ ಕೋರ್ಸಿನಲ್ಲಿ ಎರಡನೆಯ ವರ್ಷ 16 ವಾರಗಳ ಇಂಟರ್ನ್‌ಶಿಪ್ ಇದೆ, ಅದನ್ನು ಪ್ರಾಮಾಣಿಕವಾಗಿ ಮಾಡಿದವರಿಗೆ 45 ದಿನ ಒಂದು ಲೆಕ್ಕವೇ ಅಲ್ಲ. ಇಂಟರ್ನ್‌ಶಿಪ್ ಮುಗಿದ ವಾರದಲ್ಲಿಯೇ, ಮೇಲ್ವಿಚಾರಕ ಅಧ್ಯಾಪಕರು ವರ್ಗವಾಗುವ ಅಥವಾ ನಿವೃತ್ತರಾಗುವ ಮೊದಲು, ಆ ಪತ್ರವನ್ನು ಬರೆಸಿ ಇಟ್ಟುಕೊಳ್ಳಿ. ಅಭ್ಯಾಸ ಪಾಠಗಳ ರೆಕಾರ್ಡ್ ಪುಸ್ತಕಗಳನ್ನು, ಪರೀಕ್ಷೆ ಮುಗಿದ ಕೂಡಲೇ ರದ್ದಿಗೆ ಹಾಕುವುದು ನಮ್ಮ ವಾಡಿಕೆ, ನೀವು ಹಾಕಬೇಡಿ. ಸಾಧ್ಯವಾದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಪ್ರಯತ್ನಿಸಿ. ಎನ್‌ಸಿಇಆರ್‌ಟಿಯ ಅಧೀನದಲ್ಲಿರುವ, ಮಾನಸಗಂಗೋತ್ರಿಯ ಪಕ್ಕದ ಆ ಸಂಸ್ಥೆಗೆ ಅಭ್ಯಾಸ ಪಾಠ ಮಾಡಲು ತನ್ನದೇ ಶಾಲೆ ಇದೆ, ಮತ್ತು ಅಲ್ಲಿ ಪಾಠವನ್ನು ನಿಜವಾಗಿಯೂ ಯಾರಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ಶಿವಮೊಗ್ಗದ ಕಡೆಯೇ ಒಳ್ಳೆಯ ಅನುದಾನಿತ ಕಾಲೇಜನ್ನು ಹುಡುಕಿ. ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ನಿಮ್ಮ ಮೆಥಡ್ ವಿಷಯಗಳಾಗಿ, ಅಂದರೆ ಬೋಧನಾ ವಿಧಾನ ಕಲಿಯುವ ವಿಷಯಗಳಾಗಿ, ತೆಗೆದುಕೊಳ್ಳಿ. ಎರಡೂ ಹಲವು ದೇಶಗಳಲ್ಲಿ ಶಿಕ್ಷಕರ ಕೊರತೆ ಇರುವ ವಿಷಯಗಳು.

ಇದಕ್ಕೊಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಬಿ.ಇಡಿ. ಎರಡು ವರ್ಷ, ಅನುಭವ ಒಂದು ಎರಡು ವರ್ಷ, ಅಷ್ಟರಲ್ಲಿ ನಿಮಗೆ 31 ಆಗುತ್ತದೆ. ಪಿಜಿಸಿಇಗೆ ಹೋದರೆ 28ಕ್ಕೇ ಶಿಕ್ಷಕಿ. ಇಂಗ್ಲೆಂಡಿನಲ್ಲಿ ನೆಲೆಸುವುದೇ ನಿಮ್ಮ ನಿಶ್ಚಯವಾಗಿದ್ದರೆ, ಆ ವರ್ಷದ ಭೌತಶಾಸ್ತ್ರ ಭತ್ಯೆ ವಿದೇಶಿಯರಿಗೆ ದೊರೆಯುವುದು ಖಚಿತವಾಗಿದ್ದರೆ, ಮತ್ತು ಭತ್ಯೆ ಕೈಗೆ ಬರುವ ತನಕದ ಖರ್ಚನ್ನು ತೋಟ ಮುಟ್ಟದೆ ಹೊಂದಿಸಲು ಸಾಧ್ಯವಾದರೆ, ನೇರವಾಗಿ ಪಿಜಿಸಿಇಗೆ ಹೋಗುವುದನ್ನು ನಾನು ತಪ್ಪೆನ್ನುವುದಿಲ್ಲ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ. ನಿಮ್ಮ ಪತ್ರದಲ್ಲಿ ಮೊದಲನೆಯದೇ ಇಲ್ಲ.

ತೋಟದ ಮಾತಿಗೆ ಬರುತ್ತೇನೆ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ವಿದ್ಯಾಭ್ಯಾಸ ಸಾಲಕ್ಕೆ ಅಡಿಕೆ ತೋಟವನ್ನು ಭದ್ರತೆಯಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ, ಮನೆ ಅಥವಾ ಪರಿವರ್ತಿತ ನಿವೇಶನ ಕೇಳುತ್ತವೆ. ಇದು ತಿಳಿಯದೆ ಎಷ್ಟೋ ಮಲೆನಾಡಿನ ಕುಟುಂಬಗಳು ಪ್ರವೇಶ ಸಿಕ್ಕಿದ ಮೇಲೆ ಅವಸರದಲ್ಲಿ ಖಾಸಗಿ ಸಾಲಕ್ಕೆ ಕೈಚಾಚುತ್ತವೆ, ಇಲ್ಲವೇ ಸಿಕ್ಕಿದ ಬೆಲೆಗೆ ತೋಟ ಮಾರುತ್ತವೆ. ಸಾಮಾನ್ಯ ಬ್ಯಾಂಕ್ ಯೋಜನೆಯಲ್ಲಿ ಭದ್ರತೆ ಇಲ್ಲದೆ ಸಿಗುವುದು ಏಳೂವರೆ ಲಕ್ಷದವರೆಗೆ ಮಾತ್ರ. ಅದು ಇಲ್ಲಿನ ಬಿ.ಇಡಿ.ಗೆ ಧಾರಾಳ, ಮೆಲ್ಬರ್ನಿನ ಒಂದು ಸೆಮಿಸ್ಟರಿಗೂ ಸಾಲದು. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದರೆ ವಿದೇಶದಲ್ಲಿ ಓದಲು ನೆರವು ನೀಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನು ವಿಚಾರಿಸಿ. ಅದರಲ್ಲಿ ಒಪ್ಪುವ ವಿಷಯಗಳ ಪಟ್ಟಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಒಂದು ಸಣ್ಣ ಕೆಲಸವನ್ನು ಈ ವಾರವೇ ಮಾಡಿ, ಅದಕ್ಕೆ ಯಾವ ದೇಶವೆಂದು ನಿರ್ಧರಿಸುವ ಅಗತ್ಯವಿಲ್ಲ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್ ಮತ್ತು ಪಾಸ್‌ಪೋರ್ಟ್ ಇವಿಷ್ಟನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿ ಹೆಸರನ್ನು ಓದಿ. ನಮ್ಮ ಕಡೆಯ ಹೆಸರುಗಳಿಗೆ ಮನೆತನದ ಹೆಸರಿರುವುದಿಲ್ಲ, ಇನಿಷಿಯಲ್ ಇರುತ್ತದೆ. ಒಂದರಲ್ಲಿ ಅದು ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಊರು ಮತ್ತು ತಂದೆಯ ಹೆಸರು. ನಮಗೆ ಇದೆಲ್ಲ ಒಂದೇ ಹೆಸರು. ಲಂಡನ್ನಿನಲ್ಲಿ ಕುಳಿತು ಕಡತ ನೋಡುವವರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಇದನ್ನು ಸರಿಪಡಿಸಲು ಪ್ರಮಾಣಪತ್ರ, ಮಂಡಳಿಯ ಅರ್ಜಿ, ವಿಶ್ವವಿದ್ಯಾಲಯದ ಕೌಂಟರು ಎಂದು ತಿಂಗಳುಗಳೇ ಹಿಡಿಯುತ್ತವೆ. ಬಿ.ಇಡಿ. ಅರ್ಜಿಯಲ್ಲಿ ಹೆಸರು ಬರೆಯುವ ಮೊದಲೇ ಇದು ಮುಗಿದಿದ್ದರೆ, ಆ ಅಂಕಪಟ್ಟಿಯಾದರೂ ಪಾಸ್‌ಪೋರ್ಟಿನಂತೆಯೇ ಬರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ನೀವು ಕೊರತೆಯೆಂಬಂತೆ ಬರೆದಿದ್ದೀರಿ. ಎಂ.ಎಸ್ಸಿ. ಮುಗಿಸಿದ ನಿಮಗೆ ಭೌತಶಾಸ್ತ್ರದ ಇಂಗ್ಲಿಷ್ ಗೊತ್ತಿದೆ. ಗೊತ್ತಿಲ್ಲದಿರುವುದು ತರಗತಿಯ ಇಂಗ್ಲಿಷ್. ಹಿಂದಿನ ಸಾಲಿನಲ್ಲಿ ಪಿಸುಗುಟ್ಟುವ ಹುಡುಗನನ್ನು ಕೂಗದೆ ಸುಮ್ಮನಾಗಿಸುವ ಮಾತು, ಉತ್ತರ ತಪ್ಪಾದಾಗ ಮಗು ಕುಗ್ಗದಂತೆ ಮತ್ತೆ ಕೇಳುವ ಮಾತು, ಇವು ನಿಮಗೆ ಕನ್ನಡದಲ್ಲಿ ಯೋಚಿಸದೆಯೇ ಬರುತ್ತವೆ. ನೀವು ಈಗ ಕಲಿಸುತ್ತಿರುವ ಒಂಬತ್ತನೆಯ ತರಗತಿಯ ಚಲನೆಯ ಪಾಠವನ್ನು ವಾರಕ್ಕೊಮ್ಮೆ ಮನೆಯಲ್ಲಿ ಇಂಗ್ಲಿಷಿನಲ್ಲಿ ಮಾಡಿ, ಫೋನಿನಲ್ಲಿ ಧ್ವನಿಮುದ್ರಿಸಿ, ಮರುದಿನ ಕೇಳಿ. ವಿವರಣೆಯ ಭಾಗ ಚೆನ್ನಾಗಿಯೇ ಇರುತ್ತದೆ, ಪ್ರಶ್ನೆ ಕೇಳುವ ಕಡೆಗಳಲ್ಲಿ ತಡವರಿಸಿರುತ್ತೀರಿ. ಆ ಕಡೆಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಮುಂದಿನ ವಾರ ಅಲ್ಲಿಂದ ಶುರು ಮಾಡಿ. ಐಇಎಲ್‌ಟಿಎಸ್ ಕೋಚಿಂಗ್‌ಗೆ ಸೇರುವುದು ಬಿ.ಇಡಿ.ಯ ಎರಡನೆಯ ವರ್ಷದ ಇಂಟರ್ನ್‌ಶಿಪ್ ಮುಗಿದ ಮೇಲಾದರೂ ಆಗುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಅವಧಿ ಇರುವುದರಿಂದ ಅದಕ್ಕೂ ಮೊದಲೇ ಬರೆದು ಹಣ ಕಳೆದುಕೊಳ್ಳಬೇಡಿ.